ವಕೀಲರಿಲ್ಲದೆ ಪಾಟೀಸವಾಲಿಗೆ ನಿಂತ ತಾಯಿ: ಅಮೆರಿಕದಲ್ಲಿ ಪಾಲಕರ ಹಕ್ಕಿನ ಹಿನ್ನೆಲೆ

ಅಮೆರಿಕದಲ್ಲಿ ಪಾಲನೆ ಸರಿಯಿಲ್ಲವೆಂಬ ದೂರಿನ ಮೇಲೆ ಸರ್ಕಾರ ಮಗುವನ್ನು ಮನೆಯಿಂದ ಕರೆದೊಯ್ದರೆ, ಆಮೇಲೆ ನಡೆಯುವುದು ಸಿವಿಲ್ ವಿಚಾರಣೆ, ಅಪರಾಧದ ವಿಚಾರಣೆಯಲ್ಲ. ಗೊಂದಲದ ಬೇರು ಇರುವುದೇ ಇಲ್ಲಿ. ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಗುವನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದಾದ ತಾಯಿಗೆ ಸಂವಿಧಾನದಿಂದ ಅಂಥ ಖಚಿತ ಭರವಸೆಯಿಲ್ಲ.

ಮಕ್ಕಳನ್ನು ಬೆಳೆಸುವುದು ಸಂವಿಧಾನದ 14ನೇ ತಿದ್ದುಪಡಿ ಕಾಪಾಡುವ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತ್ತು. ತಾಯಿ ತೀರಿಕೊಂಡಳೆಂದು, ಆಕೆಯನ್ನು ಮದುವೆಯಾಗಿರದ ತಂದೆಯಿಂದ ವಿಚಾರಣೆಯನ್ನೇ ನಡೆಸದೆ ಮಕ್ಕಳನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಇಲಿನಾಯ್ ಪ್ರಕರಣದಲ್ಲಿ ಹೇಳಲು 1972 ಬರಬೇಕಾಯಿತು.

ಮುಖ್ಯ ತಿರುವು 1981ರದು. ನಾರ್ತ್ ಕೆರೊಲಿನಾದಲ್ಲಿ ಸೆರೆವಾಸದಲ್ಲಿದ್ದ ತಾಯಿಯೊಬ್ಬಳನ್ನು, ಮಗುವಿನ ಮೇಲಿನ ಆಕೆಯ ಹಕ್ಕನ್ನು ರದ್ದುಪಡಿಸುವ ವಿಚಾರಣೆಗೆ ಕರೆತರಲಾಗಿತ್ತು. ವಕೀಲರಿರಲಿಲ್ಲ, ಸಮಾಜ ಕಾರ್ಯಕರ್ತೆಯನ್ನು ಆಕೆಯೇ ಪಾಟೀಸವಾಲಿಗೆ ಒಳಪಡಿಸಬೇಕಾಯಿತು. ಆಕೆ ಆಡಿದ ಹಲವು ಮಾತುಗಳು ಪ್ರಶ್ನೆಗಳಲ್ಲ, ಹೇಳಿಕೆಗಳು ಎಂದು ನ್ಯಾಯಾಲಯ ಅವನ್ನು ತಳ್ಳಿಹಾಕಿತು. ತನ್ನ ಮಗುವಿನ ಬಗ್ಗೆ ಮಾತನಾಡುವ ತಾಯಿಗೆ ಹೇಳಿಕೆಯನ್ನು ಪ್ರಶ್ನೆಯಾಗಿ ಮಾರ್ಪಡಿಸುವ ವಿದ್ಯೆ ಎಲ್ಲಿಂದ ಬರಬೇಕು? ಆದರೂ ವಕೀಲರು ಬೇಕೋ ಬೇಡವೋ ಎಂಬುದನ್ನು ಪ್ರಕರಣ ನೋಡಿ ನಿರ್ಧರಿಸಬಹುದೆಂದು ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ತೀರ್ಪಿತ್ತಿತು. ಅಂದು ಭಿನ್ನಮತ ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಅವರೇ ಮರುವರ್ಷ ನ್ಯೂಯಾರ್ಕ್ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದು, ಪಾಲಕರ ಹಕ್ಕು ರದ್ದಾಗಬೇಕಾದರೆ ಸ್ಪಷ್ಟವೂ ಮನವರಿಕೆಯಾಗುವಂಥದೂ ಆದ ಪುರಾವೆ ಬೇಕೆಂದರು. ಪುರಾವೆಯ ಮಟ್ಟವೇನೋ ಏರಿತು; ಅದನ್ನು ಎದುರಿಸಿ ವಾದಿಸುವವರ ಸ್ಥಾನ ಮಾತ್ರ ಖಾಲಿಯೇ ಉಳಿಯಬಹುದಿತ್ತು.

ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗಾಗಿ 1978ರಲ್ಲಿ ಬಂದ ಒಕ್ಕೂಟ ಕಾಯ್ದೆ ಬಡ ಪಾಲಕರಿಗೆ ವಕೀಲರ ಹಕ್ಕನ್ನು ಆಗಲೇ ಕೊಟ್ಟಿತ್ತು; 2023ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಉಳಿಸಿಕೊಂಡಿತು. ಉಳಿದವರಿಗೆ ಹೆಚ್ಚಿನ ರಾಜ್ಯಗಳು ತಮ್ಮದೇ ಕಾನೂನಿನಲ್ಲಿ ವಕೀಲರನ್ನು ಒದಗಿಸಿವೆ, ಆದರೆ ಯಾವ ಹಂತದಿಂದ ಎಂಬುದು ಎಲ್ಲೆಡೆ ಒಂದೇ ಅಲ್ಲ.

ಆ ಹಂತವೇ ನಿರ್ಣಾಯಕ. 1997ರ ಒಕ್ಕೂಟ ಕಾಯ್ದೆಯಂತೆ, ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿ, ಅಂದರೆ ಸರ್ಕಾರ ಏರ್ಪಡಿಸಿದ ಬದಲಿ ಪಾಲನೆಯಲ್ಲಿ, ಇದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಪಾಲಕರ ಹಕ್ಕು ರದ್ದತಿಗೆ ರಾಜ್ಯ ಅರ್ಜಿ ಹಾಕಲೇಬೇಕು. ದೂರು ನಿಜವೆಂದು ನ್ಯಾಯಾಲಯ ಇನ್ನೂ ತೀರ್ಮಾನಿಸಿರದಿದ್ದರೂ, ಮಗುವನ್ನು ಕರೆದೊಯ್ದ 60 ದಿನಗಳಿಗೆ ಈ ಲೆಕ್ಕ ಆರಂಭವಾಗುತ್ತದೆ. ಪಾಲಕರ ವಕೀಲರ ವೆಚ್ಚದ ಒಂದು ಪಾಲನ್ನು 2019ರಿಂದ ರಾಜ್ಯಗಳು ಒಕ್ಕೂಟ ಸರ್ಕಾರದಿಂದ ಪಡೆಯಬಹುದಾಗಿದೆ. ಆ ವಕೀಲರು ಮೂರನೆಯ ತಿಂಗಳಲ್ಲಿ ಕಡತ ತೆರೆದರೆ, ಎಣಿಕೆ ಅದಾಗಲೇ ಶುರುವಾಗಿರುತ್ತದೆ.