ಪದ ಪರಿಚಯ: ಸಂಚಾರಿ ಚಿಕಿತ್ಸಾಲಯ

‘ಸಂಚಾರಿ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಾಹನ. ಆದರೆ ಸಶಸ್ತ್ರ ಸಂಘರ್ಷದಿಂದ ಊರು ಬಿಟ್ಟ ಕುಟುಂಬಗಳ ಸಂದರ್ಭದಲ್ಲಿ ಈ ಪದವನ್ನು ಬಳಸುವಾಗ ವಾಹನ ಮುಖ್ಯವಲ್ಲ; ಕೆಲವೆಡೆ ಅದು ಇರುವುದೂ ಇಲ್ಲ. ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಜಾಗಕ್ಕೆ ಬಂದು, ಮರದಡಿಯಲ್ಲೋ ಟಾರ್ಪಾಲಿನ ನೆರಳಿನಲ್ಲೋ ರೋಗಿಗಳನ್ನು ನೋಡಿ, ಮತ್ತೆ ಅಲ್ಲಿಗೇ ಮರಳಿ ಬರುವ ವೈದ್ಯಕೀಯ ತಂಡವೇ ಸಂಚಾರಿ ಚಿಕಿತ್ಸಾಲಯ. ಹೀಗೆ ಮರಳಿ ಬರುವುದೇ ಪದದ ತಿರುಳು. ಒಂದೇ ದಿನಕ್ಕೆ ಮುಗಿದುಹೋಗುವ ಆರೋಗ್ಯ ಶಿಬಿರಕ್ಕೂ, ಕರೆದಾಗ ಬಂದು ರೋಗಿಯನ್ನು ಒಯ್ಯುವ ಆಂಬುಲೆನ್ಸಿಗೂ ಈ ಗುಣವಿಲ್ಲ. ವಾರದ ಸಂತೆಗೆ ಇದೆ.

ನಮಗೆ ಹತ್ತಿರದ ಉದಾಹರಣೆ ದಕ್ಷಿಣ ಬಸ್ತರಿನದು. 2005ರಲ್ಲಿ ಛತ್ತೀಸಗಢದ ಬಿಜಾಪುರ ಭಾಗದಲ್ಲಿ (ನಮ್ಮ ವಿಜಯಪುರವಲ್ಲ) ಮಾವೋವಾದಿಗಳ ವಿರುದ್ಧ ಸರ್ಕಾರದ ಬೆಂಬಲವಿದ್ದ ಸಲ್ವಾ ಜುಡುಂ ಎಂಬ ಸಶಸ್ತ್ರ ಆಂದೋಲನ ಆರಂಭವಾದ ಮೇಲೆ ಊರೂರುಗಳೇ ಖಾಲಿಯಾದವು. ಕೆಲವರನ್ನು ರಸ್ತೆ ಬದಿಯ ಶಿಬಿರಗಳಿಗೆ ತರಲಾಯಿತು, ಕೆಲವರು ಕಾಡಿನೊಳಕ್ಕೆ ಸರಿದರು, ಇನ್ನೂ ಅನೇಕರು ಗಡಿ ದಾಟಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯ ಮೀಸಲು ಅರಣ್ಯದಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿ ಗುತ್ತಿ ಕೋಯರೆಂದು ಕರೆಸಿಕೊಂಡ ಈ ಜನಕ್ಕೆ ಹೊಸ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆಯೂ ದೊರೆಯಲಿಲ್ಲ. 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ 2006ರಿಂದ ಗಡಿಯ ಎರಡೂ ಬದಿಗಳಲ್ಲಿ ಸಂಚಾರಿ ಚಿಕಿತ್ಸಾಲಯಗಳನ್ನು ನಡೆಸಿತು. ರಸ್ತೆ ಮುಗಿದಲ್ಲಿಂದ ತಂಡದವರು ಔಷಧದ ಪೆಟ್ಟಿಗೆಗಳನ್ನು ಹೊತ್ತು ನಡೆಯುತ್ತಿದ್ದರು. ರೋಗಿಗಳ ಮಾತು ಗೊಂಡಿ, ಕೋಯ. ಇವು ಕನ್ನಡದ ಬಳಗದವೇ ಆದ ದ್ರಾವಿಡ ನುಡಿಗಳು. ಹಿಂದಿ, ತೆಲುಗು ಮಾತ್ರ ಬಲ್ಲ ವೈದ್ಯರಿಗೆ ಅಲ್ಲಿ ದುಭಾಷಿ ಸ್ಟೆತಾಸ್ಕೋಪಿನಷ್ಟೇ ಅಗತ್ಯ.

ಇಂತಹ ಕಡೆ ಕಾಣುವುದು ಬಹುಪಾಲು ಗುಂಡೇಟಿನ ಗಾಯಗಳಲ್ಲ. ಮಲೇರಿಯಾ, ಉಸಿರಾಟದ ಸೋಂಕು, ಚರ್ಮರೋಗ, ಭೇದಿ, ಮಕ್ಕಳ ಅಪೌಷ್ಟಿಕತೆ ಮತ್ತು ಬಸುರಿಯರ ತಪಾಸಣೆ. ಸಂಘರ್ಷ ಜನರನ್ನು ಕೊಲ್ಲುವುದು ಹೀಗೂ ಹೌದು ಎಂಬುದನ್ನು ನಾವು ಮರೆಯುತ್ತೇವೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕಾಲು ಗಂಟೆಯಲ್ಲಿ ಮಲೇರಿಯಾ ಪತ್ತೆ ಮಾಡಿ, ಮೊದಲ ಗುಳಿಗೆಯನ್ನು ಎದುರಿಗೇ ನುಂಗಿಸಿ, ಮೂರು ದಿನಗಳ ಔಷಧದಲ್ಲಿ ಉಳಿದದ್ದನ್ನು ಕೈಗೆ ಕೊಡುತ್ತಾರೆ. ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿದಾಗ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆಗ ಕೊಡುವ ಪೌಷ್ಟಿಕ ಪೇಸ್ಟಿನ ಪೊಟ್ಟಣಗಳನ್ನು ಮುಂದಿನ ಭೇಟಿಯವರೆಗೆ ಸಾಲುವಂತೆ ಎಣಿಸಿಯೇ ಕೊಡಬೇಕು. ತಂಡ ಒಂದು ವಾರ ತಪ್ಪಿದರೆ ಆ ಲೆಕ್ಕವೂ ತಪ್ಪುತ್ತದೆ. ಆರು ತಿಂಗಳು ಔಷಧ ಬೇಡುವ ಕ್ಷಯಕ್ಕಂತೂ ಇದು ಇನ್ನೂ ಅಪಾಯಕಾರಿ.

ಕಾನೂನಿನಲ್ಲೂ ಈ ಪದಕ್ಕೆ ಸ್ಥಾನವಿದೆ. 1949ರ ಮೊದಲನೆಯ ಜಿನೀವಾ ಒಪ್ಪಂದದ 19ನೆಯ ವಿಧಿ ಸೇನೆಯ ‘ಸಂಚಾರಿ ವೈದ್ಯಕೀಯ ಘಟಕ’ಗಳ ಮೇಲೆ ಯಾವ ಸನ್ನಿವೇಶದಲ್ಲೂ ದಾಳಿ ಮಾಡಬಾರದೆನ್ನುತ್ತದೆ, 1977ರ ಹೆಚ್ಚುವರಿ ಒಪ್ಪಂದಗಳು ಈ ರಕ್ಷಣೆಯನ್ನು ನಾಗರಿಕ ಘಟಕಗಳಿಗೂ ಆಂತರಿಕ ಸಂಘರ್ಷಗಳಿಗೂ ವಿಸ್ತರಿಸಿದವು. ಆದರೂ ದಾರಿಯಲ್ಲಿ ತಂಡವನ್ನು ಕಾಯುವುದು ಕಾಗದಕ್ಕಿಂತ ಹೆಚ್ಚಾಗಿ ಎರಡೂ ಕಡೆಯವರ ಒಪ್ಪಿಗೆ. ಆದುದರಿಂದ ತಂಡದವರು ಆಯುಧಧಾರಿಗಳ ಕಾವಲಿನಲ್ಲಿ ಹೋಗುವುದಿಲ್ಲ, ಬಂದ ರೋಗಿ ಯಾರ ಪಕ್ಷವೆಂದು ಕೇಳುವುದೂ ಇಲ್ಲ.

ಕಟ್ಟಡವಿರುವ ಆಸ್ಪತ್ರೆಗೆ ಇದು ಬದಲಿಯಲ್ಲ. ಬುಧವಾರ ಬರುವ ತಂಡ ಗುರುವಾರ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳ ಬಳಿ ಇರುವುದಿಲ್ಲ. ಅದಕ್ಕಾಗಿಯೇ ಒಳ್ಳೆಯ ತಂಡಗಳು ಆಯಾ ಹಾಡಿಯವರಲ್ಲೇ ಒಬ್ಬಿಬ್ಬರಿಗೆ ಮಲೇರಿಯಾ ಪರೀಕ್ಷೆಯನ್ನೂ, ಬಸುರಿಯರಲ್ಲಿ ಅಪಾಯದ ಲಕ್ಷಣ ಗುರುತಿಸುವುದನ್ನೂ ಕಲಿಸಿ, ಮುಂದಿನ ಬುಧವಾರದವರೆಗೆ ಬೇಕಾದಷ್ಟು ಔಷಧವನ್ನು ಅವರ ಕೈಗೊಪ್ಪಿಸಿ ಹೊರಡುತ್ತವೆ.