ಅಪ್ಪನೂ ಜಾನ್, ಮಗನೂ ಜಾನ್, ಮೊಮ್ಮಗನೂ ಜಾನ್

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮಗೇನೂ ಹೊಸದಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋದವರು ಒಂದು ಹೆಜ್ಜೆ ಮುಂದೆ. ಅಪ್ಪ ಬದುಕಿರುವಾಗಲೇ ಮಗನಿಗೂ ಅದೇ ಹೆಸರು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೂ ಅದನ್ನೇ ಇಡುತ್ತಿದ್ದರು. ಇವತ್ತು ಅವರ ವಂಶವೃಕ್ಷ ಹುಡುಕುವವರ ಪಾಡು ಕೇಳಬೇಡಿ.

ವಿಂತ್ರಾಪ್ ಮನೆತನವನ್ನೇ ನೋಡಿ. 1630ರಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದಿಳಿದ ಗವರ್ನರ್ ಜಾನ್. ಮಗ ಜಾನ್, ಕನೆಕ್ಟಿಕಟ್ ಗವರ್ನರ್. ಮೊಮ್ಮಗನೂ ಜಾನ್, ಅವನೂ ಕನೆಕ್ಟಿಕಟ್ ಗವರ್ನರ್! ಗೊಂದಲ ಬೇಡ ಅಂತ ಅವನನ್ನು ಫಿಟ್ಜ್-ಜಾನ್ ಎನ್ನುತ್ತಿದ್ದರು. ಫಿಟ್ಜ್ ಅಂದ್ರೆ 'ಮಗ'. ಹಿರಿಯ ಜಾನ್‌ನ ಅಪ್ಪ ಆಡಂ, ಅಜ್ಜ ಆಡಂ, ಒಬ್ಬ ಮಗನೂ ಆಡಂ.

'ಜೂನಿಯರ್' ಅಂತ ಬರೆದಿರುತ್ತಲ್ವಾ ಅಂತೀರಾ? ಜಾಸ್ತಿ ಜನ ಎಡವುವುದು ಅಲ್ಲೇ. ಆಗ ಜೂನಿಯರ್ ಅಂದರೆ ಮಗ ಅಂತಲೇ ಅರ್ಥವಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು ಸೀನಿಯರ್, ಚಿಕ್ಕವನು ಜೂನಿಯರ್, ಅಷ್ಟೇ. ಅವರು ಚಿಕ್ಕಪ್ಪ, ಅಣ್ಣನ ಮಗ ಇರಬಹುದು, ನೆಂಟರೇ ಅಲ್ಲದೆಯೂ ಇರಬಹುದು. ದೊಡ್ಡವನು ಸತ್ತರೆ ಜೂನಿಯರ್‌ಗೇ ಸೀನಿಯರ್ ಪಟ್ಟ. ಸಂಬಂಧದ ಮಾತುಗಳೂ ಹಾಗೇ. 'ಕಸಿನ್' ಅಂದರೆ ಎಷ್ಟೋ ಸಲ ತಮ್ಮನ ಮಗ, 'ಮದರ್-ಇನ್-ಲಾ' ಅಂದರೆ ಮಲತಾಯಿ.

ತಾರೀಕು ನೋಡೋಣ ಅಂದರೆ ಅಲ್ಲೂ ತೊಡಕು. 1752ರಲ್ಲಿ ಕ್ಯಾಲೆಂಡರ್ ಬದಲಾಗುವವರೆಗೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಹಿರಿಯ ವಿಂತ್ರಾಪ್ ಹುಟ್ಟಿದ್ದು ಜನವರಿ 12ಕ್ಕೆ. ಅವರ ಲೆಕ್ಕದಲ್ಲಿ 1587, ನಮ್ಮ ಲೆಕ್ಕದಲ್ಲಿ 1588. ಇದು ಗೊತ್ತಿಲ್ಲದಿದ್ದರೆ ಒಬ್ಬನೇ ಇಬ್ಬರಾಗಿಬಿಡುತ್ತಾನೆ.

ಹಾಗಾಗಿ ಹೆಸರಿನ ಬೆನ್ನು ಹತ್ತುವುದು ಸುಮ್ನೆ ದಂಡ. ಜಮೀನಿನ ಚಕ್ಕುಬಂದಿ ನೋಡಬೇಕು, ಉಯಿಲು ನೋಡಬೇಕು, ಮುಖ್ಯವಾಗಿ ಹೆಂಡತಿ ಯಾರು ಅಂತ ನೋಡಬೇಕು. ಮಗ ಜಾನ್‌ನ ಮೊದಲ ಹೆಂಡತಿ ಮಾರ್ಥಾ 1634ರಲ್ಲಿ ತೀರಿಕೊಂಡಳು. ಮರುವರ್ಷ ಅವನು ಎಲಿಜಬೆತ್‌ಳನ್ನು ಮದುವೆಯಾದ. ಫಿಟ್ಜ್-ಜಾನ್ ಹುಟ್ಟಿದ್ದು 1638ರಲ್ಲಿ, ಅಂದರೆ ಎಲಿಜಬೆತ್ ಮಗ. ಇಲ್ಲಿವರೆಗೆ ಸಲೀಸು. ಆದರೆ 1647ರಲ್ಲಿ ಹಿರಿಯ ಜಾನ್‌ನ ಮೂರನೇ ಹೆಂಡತಿ ಮಾರ್ಗರೆಟ್ ಸತ್ತಳು. ಆಮೇಲೆ ಅವನು ಕೈಹಿಡಿದ ವಿಧವೆಯ ಹೆಸರೂ ಮಾರ್ಥಾ! ಈಗ 'ಜಾನ್ ವಿಂತ್ರಾಪ್‌ನ ಹೆಂಡತಿ ಮಾರ್ಥಾ' ಅಂತಿರುವ ಕಾಗದ ಕೈಗೆ ಸಿಕ್ಕರೆ ಮೊದಲು ಇಸವಿ ನೋಡಬೇಕು. 1634ಕ್ಕಿಂತ ಹಿಂದಿನದಾದರೆ ಸೊಸೆ, 1647ರ ಈಚಿನದಾದರೆ ಅತ್ತೆ.