ಚಾರಿಟಿ ಕಮಿಷನರ್ ನೋಂದಣಿ ಇದ್ದರೆ ತೆರಿಗೆ ಮಾಫಿನಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಕನ್ನಡ ಯುವಕ ಸಂಘ. ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ, ಕನ್ನಡ ಕ್ಲಾಸು, ಕ್ರಿಕೆಟ್ ಟೂರ್ನಮೆಂಟ್ ನಡೆಸುತ್ತೇವೆ. ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಣಿ ಆಗಿದೆ. ಲಾಭವೇ ಇಲ್ಲ, ಮತ್ತೆ ತೆರಿಗೆ ಗೊಡವೆ ಯಾಕೆ ಅಲ್ವಾ?

ಉತ್ತರ: ಗೊಡವೆ ಇದೆ. ಮುಂಬಯಿಯ ಎಷ್ಟೋ ಸಂಘಗಳು ಎಡವುವುದು ಇಲ್ಲೇ. ಚಾರಿಟಿ ಕಮಿಷನರ್ ರಾಜ್ಯ ಸರ್ಕಾರದವರು. 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ನಿಮ್ಮ ಲೆಕ್ಕ, ಆಸ್ತಿ, ಪದಾಧಿಕಾರಿಗಳನ್ನು ನೋಡುವುದು ಅವರ ಕೆಲಸ. ತೆರಿಗೆ ವಿನಾಯಿತಿ ಕೊಡುವುದು ಕೇಂದ್ರದ ಆದಾಯ ತೆರಿಗೆ ಇಲಾಖೆ. ಅಲ್ಲಿ ಬೇರೆಯೇ ಅರ್ಜಿ ಹಾಕಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ಇಲ್ಲಿ ಎಲ್ಲರಿಗೂ ಗೊತ್ತಿರುವ 12ಎ, 80ಜಿ ಅನ್ನುವ ಹಳೆಯ ಹೆಸರನ್ನೇ ಬಳಸುತ್ತೇನೆ.

12ಎ ಅಂದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ, 80ಜಿ ಅಂದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ. 12ಎ ಸಿಕ್ಕರೂ ವರ್ಷದ ಆದಾಯದ ಶೇ. 85 ಭಾಗವನ್ನು ಸಂಘದ ಉದ್ದೇಶಕ್ಕೇ ಖರ್ಚು ಮಾಡಬೇಕು. ಸಭಾಭವನ ಕಟ್ಟಲು ಜಾಸ್ತಿ ಹಣ ಉಳಿಸಬೇಕಿದ್ದರೆ ಕಾರಣ ತಿಳಿಸಿ 5 ವರ್ಷದವರೆಗೆ ಕೂಡಿಡಬಹುದು. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದನ್ನು ಮಾತ್ರ ತಪ್ಪಿಸಬೇಡಿ.

ಈಗ ನಮ್ಮವರು ಮಾತಾಡಲು ಹಿಂಜರಿಯುವ ವಿಷಯ. 1961ರ ಹಳೆಯ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಒಂದೇ ಜಾತಿ ಅಥವಾ ಧರ್ಮದವರ ಒಳಿತಿಗೆಂದೇ ಹುಟ್ಟಿದ ಟ್ರಸ್ಟಿಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರು, ಮಕ್ಕಳಿಗಾಗಿ ಇದ್ದರೆ ಈ ಅಡ್ಡಿ ಇಲ್ಲ. ಕನ್ನಡ ಜಾತಿಯೂ ಅಲ್ಲ, ಧರ್ಮವೂ ಅಲ್ಲ, ಆ ಚಿಂತೆ ನಿಮಗೆ ಬೇಡ. ಆದರೆ ಬೈಲಾದಲ್ಲಿ "ಸದಸ್ಯರ ಮಕ್ಕಳಿಗೆ ಮಾತ್ರ" ಅಂತ ಬರೆದಿದ್ದರೆ ಮೊದಲು ಅದನ್ನು ತಿದ್ದಿಸಿ. ಕ್ಲಾಸಿನ ಬಾಗಿಲು ಪಕ್ಕದ ಬಿಲ್ಡಿಂಗಿನ ಮಕ್ಕಳಿಗೂ ತೆರೆದಿರಲಿ.

80ಜಿ ಇದ್ದರೆ ದಾನಿ ಕೊಟ್ಟ ಹಣದ ಅರ್ಧದಷ್ಟು, ಒಂದು ಮಿತಿಯೊಳಗೆ, ಅವರ ಆದಾಯದ ಲೆಕ್ಕದಿಂದ ಕಳೆಯುತ್ತದೆ. ನಗದು 2,000 ರೂಪಾಯಿ ದಾಟಿದರೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ದಾನಿಗೆ ಮೊದಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ. ವಾರ್ಷಿಕೋತ್ಸವದ ಸತ್ಯನಾರಾಯಣ ಪೂಜೆಯ ಖರ್ಚೂ ಲೆಕ್ಕಕ್ಕೆ ಬರುತ್ತದೆ. 80ಜಿ ಇರುವ ಸಂಘದಲ್ಲಿ ಧಾರ್ಮಿಕ ಖರ್ಚು ಆದಾಯದ ಶೇ. 5 ಮೀರುವ ಹಾಗಿಲ್ಲ.

ಇನ್ನು ಸ್ಮರಣ ಸಂಚಿಕೆ. ಅದರಲ್ಲಿ ಜಾಹೀರಾತು ಹಾಕಿಸಿದ ಹೋಟೆಲ್ ಮಾಲೀಕರಿಗೆ ಪ್ರೀತಿಯಿಂದ 80ಜಿ ರಶೀದಿ ಹರಿದು ಕೊಡಬೇಡಿ. ಅದು ದಾನವಲ್ಲ, ಪುಟದ ಬೆಲೆ. ಬೇಕಿದ್ದರೆ ಅವರು ಅದನ್ನು ವ್ಯಾಪಾರದ ಖರ್ಚಿನಲ್ಲಿ ತೋರಿಸಿಕೊಳ್ಳುತ್ತಾರೆ.